ಹಾರೆ ಹಿಡಿದ ಕೈ ಗ್ರಾಮಸಭೆಯಲ್ಲಿಯೂ ಏಳಲಿ



2019ರಲ್ಲಿ ಕೊಪ್ಪಳದ ಗವಿಮಠದ ಪೂಜ್ಯರು ಮುಂದೆ ನಿಂತು ಹಿರೇಹಳ್ಳವನ್ನು ಸ್ವಚ್ಛಗೊಳಿಸಿದ್ದು ನಿಮಗೆಲ್ಲ ನೆನಪಿದೆ. ಇಂದು ನಾಡಿನ ಹಲವೆಡೆ ಯುವಕರು ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಕೆರೆಗಿಳಿಯುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಈ ಸಂತೋಷದ ಜೊತೆಗೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕಿದೆ.

ಸರ್ಕಾರಿ ಸೇವೆಯಲ್ಲಿದ್ದಾಗ ಕೆರೆಯೆಂದರೆ ನನಗೆ ಅಂದಾಜುಪಟ್ಟಿ, ಟೆಂಡರು ಮತ್ತು ಅಳತೆ ಪುಸ್ತಕ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಒಂದು ಬೇಸಿಗೆ ಪೂರ್ತಿ ಊರವರೊಡನೆ ಹೂಳೆತ್ತಿದೆ. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರ್ ನೀರಿಗೆ ಜಾಗವಾಗುತ್ತದೆ ಎಂದು ಹುಡುಗರಿಗೆ ಲೆಕ್ಕ ಹೇಳಿದೆ. ಏರಿಯ ಬುಡದಲ್ಲಿ ಅಗೆಯಬಾರದು, ತೂಬಿನ ಮಟ್ಟಕ್ಕಿಂತ ಆಳಕ್ಕೆ ಹೋದರೆ ಆ ನೀರು ಕಾಲುವೆಗೆ ಹರಿಯದು ಎಂದು ತೋರಿಸಿಕೊಟ್ಟೆ. ಹೂಳು ರೈತರ ಹೊಲಕ್ಕೆ ಗೊಬ್ಬರವಾಯಿತು. ಮಠದಿಂದ ದಾಸೋಹದ ಬುತ್ತಿ ಬಂತು.

ಮಳೆಯೂ ಬಂತು. ಆದರೆ ಕೆರೆ ತುಂಬಲಿಲ್ಲ.

ಕೊಡೆ ಹಿಡಿದು ಮೇಲಿನ ಕಾಲುವೆಯ ಗುಂಟ ನಡೆದೆ. ಎರಡು ಕಡೆ ಕಾಲುವೆಯನ್ನು ಮುಚ್ಚಿ ಮೆಕ್ಕೆಜೋಳ ಬಿತ್ತಿದ್ದರು. ಅದರಲ್ಲಿ ಒಂದು ಹೊಲ ನನ್ನ ಸ್ವಂತ ಬೀಗರದು. ಪ್ರತಿ ಭಾನುವಾರ ನನ್ನ ಪಕ್ಕದಲ್ಲಿಯೇ ಬುಟ್ಟಿ ಹೊತ್ತವರು ಅವರು! ಆ ವರ್ಷದ ಗ್ರಾಮಸಭೆಯಲ್ಲಿ ಹನ್ನೊಂದು ಜನ ಇದ್ದೆವು. ಎಲ್ಲರಿಗೂ ವಿಷಯ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ. ಬುಟ್ಟಿ ಹೊರುವುದು ಹಗುರ, ಬೀಗರ ಎದುರು ಒಂದು ಮಾತಾಡುವುದು ಭಾರ ಎಂದು ಅಂದು ತಿಳಿಯಿತು.

ಮುಂದಿನ ಸಭೆಗೆ ನಾವು ಮನೆಮನೆಗೆ ಹೋಗಿ ಜನರನ್ನು ಕರೆದೆವು. ಹೆಣ್ಣುಮಕ್ಕಳೇ ಹೆಚ್ಚು ಬಂದರು. ನಾನು ಎದ್ದು ಹೇಳಿದೆ. ಠರಾವು ಆಯಿತು, ಸರ್ವೇಯರು ಬಂದು ಅಳೆದರು. ಬೀಗರು ಕೆಲವು ತಿಂಗಳು ಮಾತು ಬಿಟ್ಟರು. ಕಡೆಗೆ ತಾವೇ ನಿಂತು ಕಾಲುವೆ ಬಿಡಿಸಿದರು. ಇನ್ನೊಂದು ಕಡೆ ಇಂದಿಗೂ ಮುಚ್ಚಿಯೇ ಇದೆ. ಕೆರೆ ಅರ್ಧ ತುಂಬುತ್ತದೆ.

1993ರ ಪಂಚಾಯತ್ ರಾಜ್ ಕಾಯ್ದೆ ಪ್ರತಿ ಮತದಾರನನ್ನೂ ಗ್ರಾಮಸಭೆಯ ಸದಸ್ಯನನ್ನಾಗಿ ಮಾಡಿದೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಜಾತ್ರೆಯ ದಾಸೋಹದಲ್ಲಿ ನಡುರಾತ್ರಿಯವರೆಗೆ ಬಡಿಸುವ ನಾವು ಆ ಸಭೆಗೆ ಒಂದು ಹೊತ್ತು ಕೊಡುವುದಿಲ್ಲ. ಅನುಭವ ಮಂಟಪದ ಹೆಸರು ಹೇಳುವವರಿಗೆ ಇದು ಶೋಭಿಸದು. ಕುಲ, ಲಿಂಗಭೇದವಿಲ್ಲದೆ ಕೂತು ಪ್ರಶ್ನೆ ಕೇಳಿದ ಪರಂಪರೆಯಲ್ಲವೆ ನಮ್ಮದು?

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮ ಶಿವಯೋಗಿಗಳನ್ನು ಅಲ್ಲಮಪ್ರಭುಗಳು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆರೆ ಕಟ್ಟುವುದು ತಪ್ಪೆಂದಲ್ಲ. ಕಟ್ಟಿದೆನೆಂಬ ಹಮ್ಮು ಉಳಿದರೆ ಕೆಲಸ ಮುಗಿದಿಲ್ಲ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ನೀರು ಹಾಕಲು ಮರೆಯುವ ನಮಗೆಲ್ಲ ಆ ಪ್ರಶ್ನೆ ತಾಗುತ್ತದೆ.

ಸೇವೆಯಿಂದ ಲಾಭವೇನೆಂದು ಕೇಳುವವರಿಗೆ ನನ್ನ ಅನುಭವವನ್ನೇ ಹೇಳುತ್ತೇನೆ. ನಿವೃತ್ತಿಯ ಮೊದಲ ವರ್ಷ ನಾನು ಗೋಡೆ ನೋಡುತ್ತ ಕೂತಿದ್ದೆ. ಇಂದು ಇಪ್ಪತ್ತರ ಹುಡುಗರು ಮಟ್ಟ ನೋಡುವುದನ್ನು ಕಲಿಯಲು ಮನೆಗೆ ಬರುತ್ತಾರೆ. ಅವರಿಂದ ನಾನು ಹೆದರದೆ ಮಾತಾಡುವುದನ್ನು ಕಲಿಯುತ್ತಿದ್ದೇನೆ.

ನಮ್ಮ ಮಠಗಳಲ್ಲಿ ಒಂದು ಬಿನ್ನಹ. ಶ್ರಮದಾನದ ದಿನವನ್ನು ಸಾರುವಂತೆ ಗ್ರಾಮಸಭೆಯ ದಿನವನ್ನೂ ಪ್ರವಚನದ ಕೊನೆಗೆ ಸಾರಲಿ. ಭಕ್ತರು ಬರಲಿ, ಕೇಳಲಿ, ಬೇಕಾದರೆ ತಮ್ಮವರನ್ನೇ ಕೇಳಲಿ. ಕೆರೆಯ ಕಾಯಕ ಅಲ್ಲಿಗೆ ಪೂರ್ತಿಯಾಗುತ್ತದೆ.