ಕಪ್ಪು ಚೀಟಿ ಕಟ್ಟುವ ಕೈ ಯಾರದು?

ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೇವೆ. ಯುದ್ಧದಲ್ಲೋ, ಬಸ್ ಅಪಘಾತದಲ್ಲೋ ಒಂದೇ ಸಲಕ್ಕೆ ಮೂವತ್ತು, ನಲವತ್ತು ಗಾಯಾಳುಗಳು ಬಂದರೆ, ಇರುವ ಇಬ್ಬರು ಡಾಕ್ಟರು ಯಾರನ್ನು ಮೊದಲು ನೋಡಬೇಕು ಎಂದು ಅದು ಹೇಳಬೇಕು. ವೈದ್ಯರು ಇದನ್ನು ಟ್ರಯಾಜ್ ಎನ್ನುತ್ತಾರೆ. ನಾಲ್ಕು ಬಣ್ಣದ ಚೀಟಿಗಳಿರುತ್ತವೆ. ಕೆಂಪು ಎಂದರೆ ಈಗಲೇ, ಹಳದಿ ಎಂದರೆ ಸ್ವಲ್ಪ ತಡೆಯಬಹುದು, ಹಸಿರು ಎಂದರೆ ನಡೆದಾಡುತ್ತಾನೆ, ಕಾಯಲಿ. ಕಪ್ಪು ಎಂದರೆ ಸತ್ತಿದ್ದಾನೆ, ಇಲ್ಲವೇ ಉಳಿಯುವುದಿಲ್ಲ, ಅವನಿಗಾಗಿ ಸಮಯ ಕಳೆಯಬೇಡಿ.

ಕೋಡ್ ಬರೆಯುವುದು ಏನೂ ಕಷ್ಟವಾಗಲಿಲ್ಲ. ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಕೆಂಪು. ಹೇಳಿದ ಮಾತು ಕೇಳಿಸಿಕೊಂಡು ಕೈ ಎತ್ತಲಾಗದಿದ್ದರೆ ಕೆಂಪು. ನೂರು ಸಾಲೂ ಆಗಲಿಲ್ಲ. ಇಷ್ಟಕ್ಕೇ ನಿಲ್ಲಿಸದೆ ನಾವು ಇನ್ನೊಂದು ಕಾಲಂ ಸೇರಿಸಿದೆವು. ಬದುಕುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ ಎಂದು ಲೆಕ್ಕ ಬಂದರೆ ಪ್ರೋಗ್ರಾಮೇ ಕಪ್ಪು ಎಂದು ತೋರಿಸಬೇಕು. ಆ ಐದು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ನಾವೇ ಹಾಕಿಕೊಂಡ ಸಂಖ್ಯೆ ಅದು.

ಆ ರಾತ್ರಿ ಊರಿಗೆ, ಅಂದರೆ ಹರದನಹಳ್ಳಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಈ ಪ್ರಾಜೆಕ್ಟಿನ ವಿಷಯ ಹೇಳಿದೆ. ದೊಡ್ಡಪ್ಪ ಸುಮ್ಮನೆ ಕೇಳಿಸಿಕೊಂಡು, 'ಸಿಯಾಚಿನ್ ಹುಡುಗನಿಗೆ ನಿನ್ನ ಮಿಷನ್ ಏನು ಬಣ್ಣ ಕೊಡ್ತಿತ್ತಪ್ಪ?' ಎಂದರು. 2016ರಲ್ಲಿ ನನಗೆ ಹತ್ತು ವರ್ಷ. ಹಾಸನದ ಪಕ್ಕದ ತೇಜೂರಿಗೆ ಸುಬೇದಾರ್ ಟಿ.ಟಿ. ನಾಗೇಶ್ ಅವರ ಪಾರ್ಥಿವ ಶರೀರ ಬಂದ ದಿನ ದೊಡ್ಡಪ್ಪ ಅಲ್ಲಿಗೆ ಹೋಗಿ ಬಂದಿದ್ದರು. ಬಂದವರು ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ ಎಂಬುದಷ್ಟೇ ನನಗೆ ನೆನಪು.

ಮರೆತವರಿಗಾಗಿ ಹೇಳುತ್ತೇನೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ನಮ್ಮ ರಾಜ್ಯದವರು. ತೇಜೂರಿನ ನಾಗೇಶ್, ಎಚ್.ಡಿ. ಕೋಟೆಯ ಪಿ.ಎನ್. ಮಹೇಶ್, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಮರುದಿನವೇ ಸೇನೆ, ಯಾರೂ ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂದಿತು. ಪ್ರಧಾನಿಯವರ ಸಂತಾಪವೂ ಬಂತು. ಆದರೂ ಅಗೆಯುವುದು ನಿಲ್ಲಲಿಲ್ಲ. ನೂರೈವತ್ತಕ್ಕೂ ಹೆಚ್ಚು ಯೋಧರು, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು, ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಕೊಯ್ಯಲು ವಿದ್ಯುತ್ ಗರಗಸ. ಆರನೇ ದಿನ, ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪ ಸಿಕ್ಕರು. ಉಸಿರಿತ್ತು.

ಹಿಮಕುಸಿತದಲ್ಲಿ ಹೂತವರನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಮೂವತ್ತೈದು ನಿಮಿಷವಾದರೆ ಹತ್ತರಲ್ಲಿ ಮೂವರು. ಯುರೋಪಿನ ಪರ್ವತಗಳ ದಾಖಲೆಗಳಿಂದ ತೆಗೆದ ಲೆಕ್ಕ ಇದು, ಸುಳ್ಳಲ್ಲ. ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದು ಆರು ದಿನ, ಇಪ್ಪತ್ತೈದು ಅಡಿ ಎಂದು ಹಾಕಿದೆ. ಎಂಟರ್ ಒತ್ತುವ ಮೊದಲೇ ಉತ್ತರ ಗೊತ್ತಿತ್ತು. ಕಪ್ಪು.

ಗೆಳೆಯನಿಗೆ ಫೋನ್ ಮಾಡಿದರೆ, 'ಕೊನೆಗೆ ಅವರು ಉಳಿಯಲಿಲ್ಲವಲ್ಲೋ, ಪ್ರೋಗ್ರಾಂ ಹೇಳಿದ್ದು ಸರಿಯಾಯ್ತಲ್ಲ' ಎಂದ. ನಿಜ, ಫೆಬ್ರುವರಿ 11ರ ಬೆಳಿಗ್ಗೆ 11.45ಕ್ಕೆ ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪ ತೀರಿಕೊಂಡರು. ಫೋನಿನಲ್ಲಿ ತಕ್ಷಣ ಹೇಳಲು ನನಗೆ ಏನೂ ಹೊಳೆಯಲಿಲ್ಲ. ಈ ಬರಹ ಒಂದು ರೀತಿಯಲ್ಲಿ ಅವನಿಗೆ ಕೊಡುತ್ತಿರುವ ಉತ್ತರ.

ಆ ಮೂರು ದಿನ ವೈದ್ಯರ ಮುಂದಿದ್ದ ಪ್ರಶ್ನೆಗಳನ್ನು ನೋಡಿ. ತಣ್ಣಗೆ ಕೊರಡಾದ ದೇಹವನ್ನು ಬೆಂಕಿಯ ಮುಂದೆ ಕೂರಿಸಿ ಬಿಸಿ ಮಾಡುವಂತಿಲ್ಲ. ಕೈಕಾಲುಗಳಲ್ಲಿ ನಿಂತ ತಣ್ಣನೆಯ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗಿದರೆ ಹೃದಯವೇ ನಿಲ್ಲಬಹುದು. ಬಿಸಿ ಮಾಡದಿದ್ದರೂ ಸಾವು. ಅದಕ್ಕೇ ಬೆಚ್ಚಗಿನ ಡ್ರಿಪ್, ಬೆಚ್ಚಗಿನ ತೇವದ ಆಮ್ಲಜನಕ, ಹೀಗೆ ಒಳಗಿನಿಂದ ನಿಧಾನವಾಗಿ ಕಾಯಿಸುತ್ತಾ ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ಅಲ್ಲಿಂದ ವಿಮಾನದಲ್ಲಿ ದಿಲ್ಲಿಗೆ ಸಾಗಿಸಿದರು. ಆ ಸ್ಥಿತಿಯಲ್ಲಿ ಸಾಗಿಸುವುದೇ ಅಪಾಯ, ಅಲ್ಲೇ ಇಡುವುದು ಇನ್ನೂ ಅಪಾಯ. ಆಸ್ಪತ್ರೆಯವರು ಯಾವುದನ್ನೂ ಮುಚ್ಚಿಡಲಿಲ್ಲ. ಕೋಮಾ, ನ್ಯುಮೋನಿಯಾ, ಕಿಡ್ನಿ ಮತ್ತು ಯಕೃತ್ತಿನ ವೈಫಲ್ಯ, ಮುಂದಿನ 24ರಿಂದ 48 ಗಂಟೆ ಕಷ್ಟದ್ದು ಎಂದು ನೇರವಾಗಿ ಹೇಳಿದರು. ಬೆಟದೂರಿನಿಂದ ಹೋದ ಮನೆಯವರಿಗೆ ಸುಳ್ಳು ಭರವಸೆ ಕೊಡದೆ, ಭರವಸೆಯನ್ನು ಕಿತ್ತುಕೊಳ್ಳದೆ ಮಾತಾಡಬೇಕಿತ್ತು. ಇದಕ್ಕೆಲ್ಲ ಯಾವ ಕಾಲಂ ಮಾಡುವುದು?

ಶೀತದಿಂದ ಕುಸಿದವರ ವಿಷಯದಲ್ಲಿ ವೈದ್ಯರಿಗೆ ಒಂದು ಹಳೆಯ ನಿಯಮವಿದೆಯಂತೆ. ದೇಹ ಬೆಚ್ಚಗಾದ ಮೇಲೂ ಜೀವದ ಲಕ್ಷಣ ಕಾಣದಿದ್ದರೆ ಮಾತ್ರ ಸತ್ತಿದ್ದಾನೆ ಎನ್ನಬೇಕು, ಅಲ್ಲಿಯವರೆಗೆ ಎನ್ನಬಾರದು. ಲೆಕ್ಕಕ್ಕೆ ವಿರುದ್ಧವಾದ ನಿಯಮವಲ್ಲ ಇದು. ಲೆಕ್ಕವನ್ನು ಮೀರಿ ಬದುಕಿದ ಕೆಲವರನ್ನು ಕಣ್ಣಾರೆ ಕಂಡ ಮೇಲೆ ಮಾಡಿಕೊಂಡ ನಿಯಮ. ಆರನೇ ದಿನದವರೆಗೂ ಅಗೆದವರು ಇರದಿದ್ದರೆ ಆರು ದಿನ ಬದುಕಲು ಸಾಧ್ಯ ಎಂಬ ದಾಖಲೆಯೇ ಇರುತ್ತಿರಲಿಲ್ಲ. ಮೂರನೇ ದಿನ ಅಗೆತ ನಿಲ್ಲಿಸಿದ್ದರೆ ಹತ್ತೂ ಜನ ಸತ್ತರು ಎಂದು ಬರೆದುಕೊಳ್ಳುತ್ತಿದ್ದೆವು. ಮುಂದೆ ಅದೇ ಅಂಕಿ ಪ್ರೋಗ್ರಾಮಿಗೆ ಹೋಗಿ ಇನ್ನಷ್ಟು ಬೇಗ ಕಪ್ಪು ತೋರಿಸುತ್ತಿತ್ತು. ನಮ್ಮ ಡೇಟಾ ಸೈನ್ಸ್ ಪಾಠದಲ್ಲಿ ಈ ದೋಷಕ್ಕೆ ಒಂದು ಅಧ್ಯಾಯವೇ ಇದೆ. ಪರೀಕ್ಷೆಗೆ ಬರೆದು ಮರೆತಿದ್ದೆವು.

ಹಾಗೆಂದು ಯಂತ್ರ ಕೆಟ್ಟದ್ದು, ಮನುಷ್ಯ ಒಳ್ಳೆಯವನು ಎಂದು ಬರೆದು ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಒಮ್ಮೆ ಸೋದರಮಾವನಿಗೆ ಬೈಕ್ ಅಪಘಾತವಾಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ತಲೆಯಿಂದ ರಕ್ತ ಸುರಿಯುತ್ತಾ ಅವರು ಸ್ಟ್ರೆಚರ್ ಮೇಲೆ ಕಾಯುತ್ತಿದ್ದಾಗ, ಯಾರೋ ಮುಖಂಡರು ಫೋನ್ ಮಾಡಿಸಿದರೆಂದು ಕೈ ಉಳುಕಿದ ಒಬ್ಬರನ್ನು ಮೊದಲು ಒಳಗೆ ಕರೆದರು. ನಮ್ಮ ಪ್ರೋಗ್ರಾಮಿಗೆ ಯಾವ ಮುಖಂಡರ ನಂಬರೂ ಗೊತ್ತಿಲ್ಲ. ಆ ಮಟ್ಟಿಗೆ ಅದೇ ಮೇಲು.

ಯುದ್ಧಭೂಮಿಯ ವೈದ್ಯರು ಈ ವಶೀಲಿಯನ್ನು ಇನ್ನೂರು ವರ್ಷದ ಹಿಂದೆಯೇ ಎದುರಿಸಿದ್ದರು. ನೆಪೋಲಿಯನ್ ಸೇನೆಯ ಶಸ್ತ್ರವೈದ್ಯ ಲಾರೆ, ಹುದ್ದೆ ನೋಡಬೇಡಿ, ಗಾಯ ನೋಡಿ ಎಂದು ಪಟ್ಟು ಹಿಡಿದ. 1949ರ ಮೊದಲ ಜಿನೀವಾ ಒಪ್ಪಂದದ 12ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಾಯಾಳು ಶತ್ರುವಾದರೂ ಸರಿ, ಚಿಕಿತ್ಸೆಯ ಸರದಿಯನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕು ಎನ್ನುತ್ತದೆ. ಕಾಗದದ ಮೇಲೆ ಸುಲಭ. 1971ರ ಯುದ್ಧದಲ್ಲಿ ಸಿಲ್ಹೆಟ್ ಬಳಿ ಗೂರ್ಖಾ ಪಡೆಯ ಮೇಜರ್ ಇಯಾನ್ ಕಾರ್ಡೋಜೊ ನೆಲಬಾಂಬಿನ ಮೇಲೆ ಕಾಲಿಟ್ಟರು. ಛಿದ್ರವಾದ ತಮ್ಮ ಕಾಲನ್ನು ತಾವೇ ಖುಕ್ರಿಯಿಂದ ಕತ್ತರಿಸಿಕೊಂಡರು. ಉಳಿದ ಶಸ್ತ್ರಚಿಕಿತ್ಸೆ ಮಾಡಲು ಹತ್ತಿರದಲ್ಲಿದ್ದದ್ದು ಸೆರೆಸಿಕ್ಕ ಪಾಕಿಸ್ತಾನಿ ಸೇನಾ ವೈದ್ಯ ಮೇಜರ್ ಮೊಹಮ್ಮದ್ ಬಶೀರ್. ಕಾರ್ಡೋಜೊ ಮೊದಲು ಒಪ್ಪಲಿಲ್ಲ. ಕಮಾಂಡಿಂಗ್ ಆಫೀಸರ್ ಗದರಿಸಿದ ಮೇಲೆ, ಪಾಕಿಸ್ತಾನಿ ರಕ್ತ ಮಾತ್ರ ಬೇಡ ಎಂಬ ಷರತ್ತು ಹಾಕಿ ಮಲಗಿದರು. ಬಶೀರ್ ಅಚ್ಚುಕಟ್ಟಾಗಿ ಕೆಲಸ ಮುಗಿಸಿದರು. ಕಾರ್ಡೋಜೊ ಮುಂದೆ ಕೃತಕ ಕಾಲಿನಲ್ಲೇ ಬೆಟಾಲಿಯನ್ ಮುನ್ನಡೆಸಿ ಮೇಜರ್ ಜನರಲ್ ಆದರು.

ಬಶೀರ್ ಅವರ ಜಾಗದಲ್ಲಿ ನಿಂತು ಯೋಚಿಸಿ. ಸೆರೆಯಾಳು, ಎದುರಿಗೆ ತನ್ನವರ ವಿರುದ್ಧ ಹೋರಾಡಿದ ಅಧಿಕಾರಿ, ಅವನೋ ತನ್ನ ದೇಶದ ರಕ್ತವೂ ಬೇಡ ಎನ್ನುವವ. ಚಾಕು ಸ್ವಲ್ಪ ಜಾರಿದರೂ ಕೇಳುವವರು ಯಾರು? ಅಂದು ಇಬ್ಬರ ನಡುವೆ ಇದ್ದದ್ದು ಹೆಸರು ಗೊತ್ತಿರುವ ಇಬ್ಬರು ಮನುಷ್ಯರ ನಂಬಿಕೆ. ಕಾಲು ಕಳೆದುಕೊಂಡವರು ವೈದ್ಯರ ಹೆಸರನ್ನು ಇಂದಿಗೂ ಹೇಳುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2022ರಲ್ಲಿ 'ಇನ್ ದ ಮೊಮೆಂಟ್' ಎಂಬ ಯೋಜನೆ ಪ್ರಕಟಿಸಿತು. ಯುದ್ಧಭೂಮಿಯ ಟ್ರಯಾಜ್‌ನಂಥ ಕಡೆ, ಪರಿಣತರಿಗೇ ಒಮ್ಮತವಿಲ್ಲದ ಕಠಿಣ ತೀರ್ಮಾನಗಳನ್ನು ಯಂತ್ರಕ್ಕೆ ವಹಿಸಬಹುದೇ ಎಂದು ನೋಡುವ ಯೋಜನೆ. ಇಂಥ ಕೆಲಸ ನಾಳೆ ಬೆಂಗಳೂರಿಗೂ ಬರಬಹುದು. ಒಳ್ಳೆಯ ಪ್ಯಾಕೇಜ್ ಸಿಕ್ಕರೆ ನಮ್ಮಲ್ಲೇ ಯಾರೋ ಬರೆಯುತ್ತೇವೆ, ನಾನೂ ಬರೆಯಬಹುದು. ಕೆಂಪು, ಹಳದಿ, ಹಸಿರನ್ನು ಯಂತ್ರ ತೋರಿಸಲಿ. ಎರಡು ದಿನ ನಿದ್ದೆಯಿಲ್ಲದ ಡಾಕ್ಟರಿಗಿಂತ ಅದೇ ಚೆನ್ನಾಗಿ ಎಣಿಸಬಹುದು. ತಪ್ಪಾದರೂ ತಿದ್ದಲು ಸಮಯವಿರುತ್ತದೆ. ಕಪ್ಪು ಚೀಟಿ ಹಾಗಲ್ಲ. ಅದನ್ನು ಕಟ್ಟಿದವರು ಯಾರು ಎಂದು ನಾಳೆ ಒಬ್ಬ ತಾಯಿ ಕೇಳಿದರೆ, ಎದ್ದು ನಿಂತು 'ನಾನಮ್ಮ' ಎನ್ನಲು ಒಬ್ಬರು ಇರಬೇಕು. 'ಸಿಸ್ಟಮ್ ತೋರಿಸಿತು' ಎಂಬ ಮಾತನ್ನು ನಾವು ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಈಗಾಗಲೇ ಸಾಕಷ್ಟು ಕೇಳಿದ್ದೇವೆ.

ಯುದ್ಧದಲ್ಲಿ ಅಷ್ಟು ಸಮಯ ಎಲ್ಲಿರುತ್ತದೆ ಎಂದು ಗೆಳೆಯ ಕೇಳುತ್ತಾನೆ. ಸರಿಯಾದ ಪ್ರಶ್ನೆಯೇ. ಆದರೆ ಒಂದು ಹೆಸರು ಬರೆಯಲು ಐದು ಸೆಕೆಂಡ್ ಸಾಕು, ಆ ಐದು ಸೆಕೆಂಡಿನಲ್ಲಿ ಇನ್ನೊಮ್ಮೆ ನಾಡಿ ಹಿಡಿದು ನೋಡಬೇಕೆನಿಸಬಹುದು.

ಕಳೆದ ಭಾನುವಾರ ಶೇ 5ರ ಆ ಕಾಲಂ ಅಳಿಸಿದೆವು. ಈಗ ನಮ್ಮ ಪ್ರೋಗ್ರಾಂ ತಾನಾಗಿ ಕಪ್ಪು ತೋರಿಸುವುದಿಲ್ಲ. ಆ ಜಾಗದಲ್ಲಿ ಖಾಲಿ ಪೆಟ್ಟಿಗೆಯೊಂದು ತೆರೆದುಕೊಂಡು, ತೀರ್ಮಾನ ಮಾಡಿದ ವೈದ್ಯರ ಹೆಸರು ಕೇಳುತ್ತದೆ. ಹೆಸರು ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಇದು ಪ್ರೋಗ್ರಾಮಿನ ಕೊರತೆ ಎಂದು ಮಾರ್ಕ್ಸ್ ಕಳೆಯುತ್ತಾರೋ ಏನೋ, ಡೆಮೊ ಮುಂದಿನ ವಾರ ಇದೆ.