ಎಫ್ ಎಂಬ ಪಕ್ಷ ಯಾವುದು?

ಒಂಬತ್ತನೇ ತರಗತಿಯ ಗಣಿತ ಪುಸ್ತಕದ ಸಂಖ್ಯಾಶಾಸ್ತ್ರ ಅಧ್ಯಾಯದಲ್ಲಿ ಒಂದು ಲೆಕ್ಕವಿದೆ. ಬೋಧನಾಭ್ಯಾಸಕ್ಕೆ ಹೋದ ಗಣಿತ ವಿಭಾಗದ ಗೆಳೆಯರಲ್ಲಿ ಹೆಚ್ಚಿನವರು ಅದನ್ನು ಹಲಗೆಯ ಮೇಲೆ ಬಿಡಿಸಿರುತ್ತೀರಿ. ಒಂದು ರಾಜ್ಯದ ವಿಧಾನಸಭಾ ಚುನಾವಣೆಯಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂಬ ಪಕ್ಷಗಳು ಗೆದ್ದ ಸ್ಥಾನಗಳು ಕ್ರಮವಾಗಿ 75, 55, 37, 29, 10, 37. ಸ್ತಂಭಾಲೇಖ ಎಳೆಯಬೇಕು, ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷ ಯಾವುದೆಂದು ಹೇಳಬೇಕು. ಉತ್ತರ: ಎ. ಲೆಕ್ಕ ಮುಗಿಯಿತು.

ಆ ಅಂಕಿಗಳನ್ನು ಕೂಡಿಸಿ ನೋಡಿ. 243 ಬರುತ್ತದೆ. ಬಿಹಾರ ವಿಧಾನಸಭೆಯ ಸ್ಥಾನಗಳೂ 243. 2005ರ ಫೆಬ್ರವರಿಯಲ್ಲಿ ಅಲ್ಲಿ ನಡೆದ ಚುನಾವಣೆಯಲ್ಲಿ ಆರ್‌ಜೆಡಿ 75, ಜೆಡಿಯು 55, ಬಿಜೆಪಿ 37, ಎಲ್‌ಜೆಪಿ 29, ಕಾಂಗ್ರೆಸ್ 10 ಸ್ಥಾನ ಗೆದ್ದವು. ಉಳಿದ 37 ಸ್ಥಾನ ಪಕ್ಷೇತರರಿಗೂ ಸಣ್ಣಪುಟ್ಟ ಪಕ್ಷಗಳಿಗೂ ಹಂಚಿಹೋಗಿದ್ದವು. ಅಂದರೆ ಪುಸ್ತಕದ ಅಂಕಿಗಳು ಒಂದೂ ತಪ್ಪದೆ ಆ ಚುನಾವಣೆಯವು. ಹೆಸರು ಮಾತ್ರ ಅಳಿಸಿದ್ದಾರೆ. ಅಳಿಸುವಾಗ ‘ಇತರೆ’ ಎಂಬುದೂ ಎಫ್ ಎಂಬ ಪಕ್ಷವಾಗಿಬಿಟ್ಟಿದೆ!

ಇದನ್ನು ಪಾಠ ಯೋಜನೆಯಲ್ಲಿ ಬರೆದುಕೊಂಡು ಹೋಗಿದ್ದೆ. ಶಾಲೆಯ ಮಾರ್ಗದರ್ಶಕ ಶಿಕ್ಷಕರು ಆ ಪುಟವನ್ನು ಓದಿ, ಪಕ್ಷಗಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, “ಎ, ಬಿ, ಸಿ ಸಾಕಮ್ಮ. ನಾಳೆ ಯಾರಾದರೂ ಬಂದು ಕೇಳಿದರೆ ಉತ್ತರ ಕೊಡಬೇಕಾದವರು ನಾವು” ಎಂದರು. ಅವರ ಮಾತು ಮೀರುವ ಹಾಗಿರಲಿಲ್ಲ, ಅಕ್ಷರಗಳಿಂದಲೇ ಪಾಠ ಮಾಡಿದೆ. ಸ್ತಂಭಗಳೆಲ್ಲ ಎಳೆದಾದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಮಿಸ್, ಎ ಗೌರ್ಮೆಂಟ್ ಮಾಡ್ತಾ?” ಎಂದು ಕೇಳಿದ. ಇಡೀ ಅವಧಿಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ಅಕ್ಷರಗಳನ್ನಷ್ಟೇ ಇಟ್ಟುಕೊಂಡು ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ.

ಉತ್ತರ ಇದು: ಎ ಸರ್ಕಾರ ಮಾಡಲಿಲ್ಲ. ಬಹುಮತಕ್ಕೆ 122 ಬೇಕಿತ್ತು, ಯಾರೂ ಅಷ್ಟು ಕೂಡಿಸಲಾಗಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಬಂತು. ಮೇ ತಿಂಗಳಲ್ಲಿ ವಿಧಾನಸಭೆಯನ್ನೇ ವಿಸರ್ಜಿಸಿದರು. ಅದೇ ವರ್ಷ ಅಕ್ಟೋಬರ್-ನವೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆದು ಜೆಡಿಯು 88, ಬಿಜೆಪಿ 55 ಗೆದ್ದವು, ನಿತೀಶ್ ಕುಮಾರ್ ಮುಖ್ಯಮಂತ್ರಿಯಾದರು. ಆ ವಿಸರ್ಜನೆ ಸಂವಿಧಾನಬಾಹಿರವಾಗಿತ್ತೆಂದು ಆಮೇಲೆ ಸುಪ್ರೀಂ ಕೋರ್ಟ್ ಹೇಳಿತು. ‘ಅತಿ ಹೆಚ್ಚು’ ಬೇರೆ, ‘ಅರ್ಧಕ್ಕಿಂತ ಹೆಚ್ಚು’ ಬೇರೆ ಎಂಬ ಗಣಿತದ ಮಾತು ಇದಕ್ಕಿಂತ ಚೆನ್ನಾಗಿ ಎಲ್ಲಿ ಅರ್ಥವಾದೀತು?

ಬಿಹಾರ ದೂರವಾಯಿತು ಎನ್ನುವವರಿಗೆ ನಮ್ಮ ರಾಜ್ಯವೇ ಇದೆ. 2018ರ ಮೇ ತಿಂಗಳಲ್ಲಿ 222 ಕ್ಷೇತ್ರಗಳ ಫಲಿತಾಂಶ ಬಂದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಹೆಚ್ಚು ಸ್ಥಾನ ಬಿಜೆಪಿಗೆ, ಹೆಚ್ಚು ಮತ ಕಾಂಗ್ರೆಸ್ಸಿಗೆ (ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36), ಮುಖ್ಯಮಂತ್ರಿ ಸ್ಥಾನ ಕೊನೆಗೆ ಜೆಡಿಎಸ್‌ಗೆ. 2023ರಲ್ಲಿ ಬಿಜೆಪಿಯ ಮತ ಮತ್ತೆ ಶೇ. 36ರ ಆಸುಪಾಸಿನಲ್ಲೇ ಇತ್ತು, ಸ್ಥಾನಗಳು ಮಾತ್ರ 66ಕ್ಕೆ ಇಳಿದವು. ಮತ ಕದಲದೆ ಸ್ಥಾನ ಹೇಗೆ ಕುಸಿಯಿತು? ಇಲ್ಲಿ ಸರಾಸರಿ, ಹಂಚಿಕೆ, ಕ್ಷೇತ್ರವಾರು ಅಂತರ ಎಲ್ಲವೂ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ನಾನು ಬಿಎಸ್ಸಿಯಲ್ಲಿ ಮೂರು ವರ್ಷ ಸಂಖ್ಯಾಶಾಸ್ತ್ರ ಓದಿದವಳು. ಅಲ್ಲಿಯೂ ಯಾರೂ ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡಲಿಲ್ಲ.

ಪತ್ರಿಕೆಗಳೂ ಟೀವಿಯವರೂ ಎಡವುವ ಜಾಗ ಇನ್ನೊಂದಿದೆ. ಜೆಡಿಎಸ್ ಮತ 2018ರಲ್ಲಿ ಸುಮಾರು ಶೇ. 18 ಇದ್ದದ್ದು 2023ರಲ್ಲಿ ಸುಮಾರು ಶೇ. 13 ಆಯಿತು. ಇದನ್ನು ‘ಶೇ. 5ರಷ್ಟು ಇಳಿಕೆ’ ಎಂದು ಬರೆದರೆ ಅದು ಲೆಕ್ಕದಲ್ಲಿ ಸರಿಯಲ್ಲ. ಇಳಿದದ್ದು 5 ಪಾಯಿಂಟು. 18ಕ್ಕೆ 5 ಅಂದರೆ ಸುಮಾರು ಶೇ. 28ರಷ್ಟು ಇಳಿಕೆ. ಎಂಟನೇ ತರಗತಿಯಲ್ಲಿ ಶೇಕಡಾ ಕಲಿಸುವಾಗ ಮಕ್ಕಳು ಮಾಡುವ ತಪ್ಪೂ ಇದೇ. ಅಂಗಡಿಯವನ ಲಾಭ-ನಷ್ಟದ ಲೆಕ್ಕ ಎಷ್ಟು ಮಾಡಿಸಿದರೂ ಹೋಗದ ಈ ತಪ್ಪು ಒಂದು ಪತ್ರಿಕೆಯ ತುಣುಕಿನಿಂದ ಹೋಗಬಹುದು.

ಇನ್ನು ನಮ್ಮ ಚಾಮರಾಜನಗರ ಜಿಲ್ಲೆಯ ಮಕ್ಕಳಿಗೆ ಚುನಾವಣೆಯ ಅಂಕಿ ಹೊಸದೇನಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆಗ ಹುಟ್ಟಿಯೇ ಇರದ ಮಕ್ಕಳಿಗೂ ಆ ಒಂದು ಮತದ ಕಥೆ ಗೊತ್ತು, ಅಜ್ಜಂದಿರು ಹೇಳಿರುತ್ತಾರೆ. ದಿಲ್ಲಿಯ ಸುದ್ದಿ ಶೇಕಡಾದಲ್ಲಿ ಬರುತ್ತದೆ, ಊರಿನ ಸುದ್ದಿ ಬಿಡಿ ಮತಗಳಲ್ಲಿ. 40,752ರಲ್ಲಿ 1 ಶೇಕಡಾ ಎಷ್ಟು ಎಂದು ಕೇಳಿದರೆ ಎರಡೂ ಒಂದೇ ಹಲಗೆಯ ಮೇಲೆ ಬರುತ್ತವೆ.

ಮಾರ್ಗದರ್ಶಕರ ಅಂಜಿಕೆ ಸುಳ್ಳಲ್ಲ. ಸರ್ಕಾರಿ ಶಿಕ್ಷಕರು ರಾಜಕೀಯದಲ್ಲಿ ಭಾಗವಹಿಸುವಂತಿಲ್ಲ ಎಂಬುದು ನಡತೆ ನಿಯಮ. ತರಗತಿಯಲ್ಲಿ ಎರಡು ಪಕ್ಷದವರ ಮಕ್ಕಳೂ ಕೂತಿರುತ್ತಾರೆ, ಬಾಯಿಂದ ಬಿದ್ದ ಒಂದು ಪದ ಸಂಜೆಯೊಳಗೆ ಊರು ಸುತ್ತುತ್ತದೆ. ಆದರೆ ಅದೇ ಶಿಕ್ಷಕರು ಮತಗಟ್ಟೆ ಅಧಿಕಾರಿಯಾಗಿ, ಬಹಳ ಕಡೆ ಅಂಥದೇ ಶಾಲಾ ಕೊಠಡಿಯಲ್ಲಿ ಕೂತು, ಚಲಾವಣೆಯಾದ ಮತಗಳ ಲೆಕ್ಕವನ್ನು ನಮೂನೆ 17ಸಿಯಲ್ಲಿ ತುಂಬಿ ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಅಲ್ಲಿ ಎಲ್ಲ ಪಕ್ಷದವರೂ ನಂಬುವ ಲೆಕ್ಕ ಅವರದು. ಅಷ್ಟು ನಂಬಿಕೆಗೆ ಅರ್ಹರಾದವರು ಹಳೆಯ ಫಲಿತಾಂಶವೊಂದನ್ನು ಹಲಗೆಯ ಮೇಲೆ ಬರೆದರೆ ಪಕ್ಷಪಾತಿಗಳಾಗುತ್ತಾರೆಯೇ? ನಿಷ್ಪಕ್ಷಪಾತ ಅಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ನಾವು ತಿಳಿದಂತಿದೆ. ಎಲ್ಲ ಪಕ್ಷಗಳ ಅಂಕಿಯನ್ನೂ ಒಂದೇ ಅಳತೆಪಟ್ಟಿಯಿಂದ ಅಳೆಯುವುದೂ ನಿಷ್ಪಕ್ಷಪಾತವೇ, ಅದು ಗಣಿತದವರಿಗೆ ಬರುವ ಕೆಲಸ.

ಮಿತಿ ಬೇಡವೆಂದು ನಾನು ಹೇಳುತ್ತಿಲ್ಲ. ನೀತಿಸಂಹಿತೆ ಜಾರಿಯಲ್ಲಿದ್ದಾಗ ಬೇಡ. ಮುಗಿದ ಚುನಾವಣೆ ಮಾತ್ರ, ಚುನಾವಣಾ ಆಯೋಗ ಪ್ರಕಟಿಸಿದ ಅಂಕಿ ಮಾತ್ರ. ಸಮೀಕ್ಷೆ, ಭಾಷಣ, ಪ್ರಣಾಳಿಕೆ ಬೇಡ. ಯಾರು ಗೆಲ್ಲಬೇಕಿತ್ತು ಎಂಬ ಮಾತು ಶಿಕ್ಷಕರಿಂದಲೂ ಬೇಡ, ಮಕ್ಕಳಿಂದಲೂ ಬೇಡ.

ನಮ್ಮ ಪಾಠ ವೀಕ್ಷಣೆಯ ಹಾಳೆಯಲ್ಲಿ ‘ನಿತ್ಯಜೀವನಕ್ಕೆ ಸಂಬಂಧ ಕಲ್ಪಿಸುವುದು’ ಎಂಬ ಅಂಶಕ್ಕೆ ಅಂಕವಿದೆ. ತರಕಾರಿ ದರ, ಕ್ರಿಕೆಟ್ ಸ್ಕೋರು ಬರೆದರೆ ಆ ಅಂಕ ಬರುತ್ತದೆ, ಮತದ ಲೆಕ್ಕ ಬರೆದರೆ ಕೆಂಪು ಗೆರೆ ಬರುತ್ತದೆ. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ನಮ್ಮ ಉಪನ್ಯಾಸಕರೂ ಶಾಲೆಗಳ ಮಾರ್ಗದರ್ಶಕರೂ ಒಮ್ಮೆ ಕೂತು, ಯಾವುದು ಸರಿ, ಯಾವುದು ಬೇಡ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಡಲಿ. ಬೇಡವೆಂದೇ ತೀರ್ಮಾನವಾದರೆ ಅದಕ್ಕೆ ಕಾರಣವನ್ನೂ ಬರೆಯಲಿ. ಮೊದಲ ಅವಧಿಯ ಗಂಟೆ ಹೊಡೆಯಲು ಹತ್ತು ನಿಮಿಷವಿರುವಾಗ ಸ್ಟಾಫ್ ರೂಮಿನಲ್ಲಿ ನಿಂತು ಪಾಠ ಯೋಜನೆ ತಿದ್ದಿಕೊಳ್ಳುವ ಪಾಡು ಅವರಿಗಾದರೂ ತಪ್ಪಲಿ.