ಮದ್ದೂರಿನ ಕ್ಯಾಮೆರಾ, ಯಾವ ಊರಿನ ಚಿತ್ರ?

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಡಗೇರ್ ಕಂಡುಹಿಡಿದ ವಿಧಾನವನ್ನು ಫ್ರಾನ್ಸ್ ಸರ್ಕಾರ ಲೋಕಕ್ಕೆ ಬಿಟ್ಟುಕೊಟ್ಟದ್ದು ಅಂದೇ. ನಮ್ಮ ತಾಲ್ಲೂಕಿನ ಛಾಯಾಗ್ರಾಹಕರ ಕಸುಬು ಎಲ್ಲಿಂದ ಎಲ್ಲಿಗೆ ಬಂತು ಎಂದು ಹಿಂತಿರುಗಿ ನೋಡಲು ಇದು ತಕ್ಕ ಹೊತ್ತು. ಗಿರಾಕಿಯ ಮುಂದೆ ನಾವು ತೆರೆದಿಡುವ ಪೋರ್ಟ್‌ಫೋಲಿಯೊದಿಂದಲೇ ಈ ಲೆಕ್ಕ ಶುರುವಾಗಬೇಕು.

ರೀಲಿನ ಕಾಲದಲ್ಲಿ ಪೋರ್ಟ್‌ಫೋಲಿಯೊ ಎಂಬ ಮಾತು ಸ್ಟುಡಿಯೊಗಳಲ್ಲಿ ಅಷ್ಟಾಗಿ ಬಳಕೆಯಲ್ಲಿರಲಿಲ್ಲ. ಶೋಕೇಸಿನಲ್ಲಿ ದೊಡ್ಡದು ಮಾಡಿಸಿಟ್ಟ ನಾಲ್ಕಾರು ಫೋಟೊ, ಮೇಜಿನ ಮೇಲೊಂದು ಸ್ಯಾಂಪಲ್ ಆಲ್ಬಂ, ಅಷ್ಟೆ. ರೀಲಿಗೆ 36 ಚಿತ್ರ, ತೊಳೆಸಿ ಪ್ರಿಂಟ್ ಹಾಕಿಸುವ ಖರ್ಚು ಬೇರೆ. ಹಾಗಾಗಿ ಕ್ಲಿಕ್ಕಿಸುವ ಮೊದಲೇ ಆಯ್ಕೆ ನಡೆಯುತ್ತಿತ್ತು. ಧಾರೆ ಎರೆಯುವಾಗ ಹುಡುಗಿಯ ತಂದೆಯ ಕಣ್ಣು ತುಂಬುವ ಗಳಿಗೆಗೆಂದು ಒಂದು ಫ್ರೇಮನ್ನು ಉಳಿಸಿಕೊಳ್ಳುತ್ತಿದ್ದರು. 2006ರಲ್ಲಿ ಕೊನಿಕಾ ಮಿನೋಲ್ಟಾ ಕ್ಯಾಮೆರಾ ವ್ಯಾಪಾರದಿಂದ ಹಿಂದೆ ಸರಿಯಿತು, 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ರೀಲಿನ ಯುಗ ಮುಗಿಯಿತು.

ಡಿಜಿಟಲ್ ತಂದ ಲಾಭ ಸಣ್ಣದಲ್ಲ. ಬೆಂಗಳೂರಿನ ಗಿರಾಕಿ ಈಗ ಫೋನಿನಲ್ಲೇ ನಮ್ಮ ಕೆಲಸ ನೋಡಿ ಮುಂಗಡ ಕಳಿಸಬಲ್ಲ. ಆದರೆ ಆಯ್ಕೆಯ ಶಿಸ್ತು ಕೈಬಿಟ್ಟುಹೋಯಿತು. ಒಂದೇ ಮದುವೆಗೆ ಸಾವಿರಗಟ್ಟಲೆ ಚಿತ್ರ, ಎಲ್ಲವೂ ಹಾರ್ಡ್‌ಡಿಸ್ಕಿಗೆ. ಪ್ರೀ-ವೆಡ್ಡಿಂಗ್ ಪುಟ ತೆರೆದರೆ ಅದೇ ಸೂರ್ಯಾಸ್ತ, ಅದೇ ಬಣ್ಣದ ಹೊಗೆ, ಅದೇ ಹಾರುವ ಗೌನು. ಸ್ಟುಡಿಯೊದ ಹೆಸರು ಮುಚ್ಚಿದರೆ ಕೆಲಸ ಮದ್ದೂರಿನದೋ ಜೈಪುರದ್ದೋ ತಿಳಿಯದು. ಎಲ್ಲರ ಚಿತ್ರವೂ ಒಂದೇ ಆದಾಗ ಗಿರಾಕಿ ಹೋಲಿಸುವುದು ದರವನ್ನು ಮಾತ್ರ. ನಮ್ಮ ಕಸುಬಿನ ಬೆಲೆ ಇಳಿದದ್ದು ಇಲ್ಲೇ.

ಬೇರೆ ದಾರಿ ಇದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಕ್ಯಾಮೆರಾ ಹಿಡಿದದ್ದು ಹೆಚ್ಚಾಗಿ ಸಾಮಾನ್ಯ ಜನರ, ಮಕ್ಕಳ ದಿನನಿತ್ಯದ ಬದುಕಿನತ್ತ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಒಳ್ಳೆಯ ಪೋರ್ಟ್‌ಫೋಲಿಯೊಗೆ ರಾಶಿ ಚಿತ್ರವೂ ಬೇಕಿಲ್ಲ. ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಯೂ ತನ್ನ ಮೊದಲ ದರ್ಜೆಯ ಮನ್ನಣೆಗೆ ಕೇಳುವುದು 10 ಚಿತ್ರ, ಎರಡನೆಯದಕ್ಕೆ 15. ಒಂದೊಂದು ಚಿತ್ರ ಚೆಂದವಿದ್ದರೆ ಸಾಲದು, ಅವು ಪಕ್ಕಪಕ್ಕ ಕೂತಾಗ ಒಂದಕ್ಕೊಂದು ಒಪ್ಪಬೇಕು.

ಅಂಥ 15 ಚಿತ್ರಕ್ಕೆ ನಮ್ಮಲ್ಲಿ ಬರವೇ? ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರು ನಮ್ಮದೇ ತಾಲ್ಲೂಕಿನದು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಅದರತ್ತ ಹೊರಜಗತ್ತಿನ ಗಮನ ಸೆಳೆದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹೆಜ್ಜಾರ್ಲೆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುವ ಜನ ಅಲ್ಲಿದ್ದಾರೆ. ಹಕ್ಕಿಯ ಮುಖಕ್ಕೆ ಉದ್ದ ಲೆನ್ಸ್ ಹಿಡಿಯುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಹುಣಸೆಮರದ ಗೂಡು, ಕೆಳಗೆ ಹೆಂಚಿನ ಸೂರು, ಅಂಗಳ ಗುಡಿಸುವ ಅಜ್ಜಿ, ಮೂರೂ ಒಂದೇ ಚೌಕಟ್ಟಿನಲ್ಲಿ ಬರಬೇಕಾದರೆ ಆ ಊರಿನ ಬೆಳಗುಗಳನ್ನು ಬಲ್ಲವರೇ ಬೇಕು. ಗೂಡಿನ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರಕ್ಕೆ ಮಾತ್ರ ಯಾವ ಪೋರ್ಟ್‌ಫೋಲಿಯೊದಲ್ಲೂ ಜಾಗ ಕೊಡಬಾರದು.

ಆಲೆಮನೆಯೂ ಹಾಗೆಯೇ. ಕೊಪ್ಪರಿಗೆಯ ಆವಿ ಲೆನ್ಸಿನ ಮೇಲೆ ಮಂಜಿನಂತೆ ಕೂರುತ್ತದೆ. ಒರೆಸುವಷ್ಟರಲ್ಲಿ ಪಾಕ ಹದಕ್ಕೆ ಬಂದು ಅಚ್ಚಿಗಿಳಿದಿರುತ್ತದೆ. ಆ ಹದ ಯಾವಾಗ ಬರುತ್ತದೆಂದು ತಿಳಿದವನಿಗೇ ಆ ಚಿತ್ರ ಸಿಗುವುದು.

ಮದುವೆ ಫೋಟೊ ನಮ್ಮ ಅನ್ನ. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ನಮ್ಮ ಕಡೆಯ ಚಪ್ಪರ, ಬೀಗರೂಟಗಳನ್ನೂ ಇದೇ ಕಣ್ಣಿನಿಂದ ನೋಡಿದರೆ ಮದುವೆಯ ಪುಟವೂ ಬದಲಾಗುತ್ತದೆ. ಮುಂದಿನ ಆಗಸ್ಟ್ 19ರೊಳಗೆ ಒಬ್ಬೊಬ್ಬರೂ ತಮ್ಮ ಹಾರ್ಡ್‌ಡಿಸ್ಕಿನಿಂದ 15 ಚಿತ್ರ ಆರಿಸಿ, ಪ್ರಿಂಟ್ ಹಾಕಿಸಿ, ಪೇಟೆಯ ಒಂದೇ ಗೋಡೆಯ ಮೇಲೆ ತೂಗುಹಾಕೋಣ. ಯಾರ ಕೆಲಸ ಯಾವುದೆಂದು ಹೆಸರು ನೋಡದೆಯೇ ಊರವರು ಗುರುತಿಸಿದರೆ, ದರದ ಚೌಕಾಸಿಗೆ ಬೇರೆ ಉತ್ತರ ಬೇಕಾಗದು.